ಸಿಂಗಪುರದಲ್ಲಿ ಡೆಂಗಿ: ಜ್ವರ ಇಳಿದ ದಿನ ಮೈಮರೆಯಬೇಡಿ

ಮನೆಯವರಿಗೆ ಎರಡು ದಿನದಿಂದ ಜ್ವರ, ಕಣ್ಣಿನ ಹಿಂದೆ ನೋವು, ಬ್ಲಾಕಿನ ಕೆಳಗೆ ಡೆಂಗಿ ಎಚ್ಚರಿಕೆಯ ಕೆಂಪು ಬ್ಯಾನರ್ ಕಟ್ಟಿದ್ದಾರೆ, ಊರಿಂದ ತಂದ ಕಾಂಬಿಫ್ಲಾಮ್ ನೋವಿನ ಮಾತ್ರೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಅದರಲ್ಲಿ ಪ್ಯಾರಸಿಟಮಾಲ್ ಜೊತೆ 400 ಮಿ.ಗ್ರಾಂ ಐಬುಪ್ರೊಫೇನ್ ಇದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಅದು ರಕ್ತಸ್ರಾವಕ್ಕೆ ದಾರಿ. ಆಸ್ಪಿರಿನ್, ಡೈಕ್ಲೊಫೆನಾಕ್ ಕೂಡ ಬೇಡ. ಬರೀ ಪ್ಯಾರಸಿಟಮಾಲ್ 500 ಸಾಕು: ದೊಡ್ಡವರಿಗೆ ಒಂದೋ ಎರಡೋ, ಆರು ಗಂಟೆಗೊಮ್ಮೆ, ದಿನಕ್ಕೆ ಎಂಟು ಮೀರಬಾರದು. ಲಿವರ್ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಕೊಡಿ.

ಕೆಂಪು ಬ್ಯಾನರ್ ಅಂದರೆ ಆ ಕ್ಲಸ್ಟರಿನಲ್ಲಿ, ಅಂದರೆ ಡೆಂಗಿ ಹರಡಿರುವ ಆ ಅಕ್ಕಪಕ್ಕದ ಜಾಗದಲ್ಲಿ, ಹತ್ತು ಅಥವಾ ಹೆಚ್ಚು ಪ್ರಕರಣ. ಹತ್ತಕ್ಕಿಂತ ಕಡಿಮೆಯಿದ್ದರೆ ಹಳದಿ. ಆದ್ದರಿಂದ ಇಂದೇ ಕ್ಲಿನಿಕ್‌ಗೆ ಹೋಗಿ. ಮೊದಲ ಐದು ದಿನ ಎನ್‌ಎಸ್‌1 (ವೈರಸ್ಸಿನ ಅಂಶವನ್ನೇ ಹುಡುಕುವ) ಪರೀಕ್ಷೆ ಹೆಚ್ಚು ಉಪಯುಕ್ತ, ಆಮೇಲೆ ಐಜಿಎಂ (ಹೊಸ ಸೋಂಕಿಗೆ ದೇಹ ತಯಾರಿಸುವ ಪ್ರತಿಕಾಯ). ಬಹುಕಾಲ ಉಳಿಯುವ ಐಜಿಜಿ ಪ್ರತಿಕಾಯ ಮಾತ್ರ ಪಾಸಿಟಿವ್ ಬಂದರೆ ಅದು ಬೆಂಗಳೂರಲ್ಲೇ ಎಂದೋ ಬಂದು ಹೋದ ಡೆಂಗಿಯ ಗುರುತೂ ಇರಬಹುದು. ಹಾಗೆ ಹಿಂದೆ ಬಂದಿದ್ದರೆ ವೈದ್ಯರಿಗೆ ಖಂಡಿತ ಹೇಳಿ. ವೈರಸ್‌ನಲ್ಲಿ ನಾಲ್ಕು ಬಗೆ ಇವೆ. ಎರಡನೇ ಸಲ ಬೇರೆ ಬಗೆ ಹತ್ತಿದರೆ ಕಾಯಿಲೆ ಬಿಗಡಾಯಿಸುವ ಸಾಧ್ಯತೆ ಹೆಚ್ಚು.

ಜನ ಎಡವುವುದು ಜ್ವರ ಶುರುವಾದ ಮೂರರಿಂದ ಏಳನೇ ದಿನದೊಳಗೆ. ಜ್ವರ ಬಿಟ್ಟಿತು ಅಂತ ಸಮಾಧಾನಪಟ್ಟುಕೊಳ್ಳುವ ಹೊತ್ತಿಗೇ ರಕ್ತನಾಳಗಳಿಂದ ನೀರಿನಂಶ ಸೋರಲು ಶುರುವಾಗಬಹುದು. ರಕ್ತ ಗಟ್ಟಿಯಾಗಿ ಬಿಪಿ ಕುಸಿಯುತ್ತದೆ. ಜ್ವರ ಇಳಿದ ಮೇಲಿನ ಒಂದೆರಡು ದಿನ ಅವರನ್ನು ಒಬ್ಬರೇ ಬಿಡಬೇಡಿ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಂಕು, ಆರು ಗಂಟೆಯಾದರೂ ಮೂತ್ರ ಆಗದಿರುವುದು: ಇವುಗಳಲ್ಲಿ ಒಂದು ಕಂಡರೂ ಎಮರ್ಜೆನ್ಸಿಗೆ ಕರೆದೊಯ್ಯಿ, ಎದ್ದು ನಿಲ್ಲಲಾಗದಿದ್ದರೆ ಆಂಬ್ಯುಲೆನ್ಸಿಗೆ 995ಕ್ಕೆ ಫೋನ್ ಮಾಡಿ. ಬರೀ ನೀರಲ್ಲ, ಓಆರ್‌ಎಸ್, ಎಳನೀರು, ಗಂಜಿ ಕೊಡಿ. ಪ್ಲೇಟ್‌ಲೆಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಹಿಮಟೋಕ್ರಿಟ್ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನುವ ಅಳತೆ) ಏರುತ್ತಿದೆಯೇ ಅಂತಲೂ ನೀವು ಕೇಳಿ. ಪಪ್ಪಾಯಿ ಎಲೆ ರಸ ನಂಬಿ ಮನೆಯಲ್ಲೇ ಉಳಿಯುವುದು ಬೇಡ.

ಡೆಂಗಿ ಅಲ್ಲ ಅಂತ ಬಂದರೆ, ಇತ್ತೀಚೆಗೆ ಎಲ್ಲೆಲ್ಲಿ ಓಡಾಡಿದಿರಿ ಅನ್ನುವುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಮಂಗಳೂರು ಕಡೆಯಿಂದ ಬಂದಿದ್ದರೆ ಮಲೇರಿಯಾ ನೋಡಬೇಕು. ಮಲೇರಿಯಾದ ವೈವಾಕ್ಸ್ ಬಗೆ ತಿಂಗಳುಗಳ ನಂತರವೂ ಮರುಕಳಿಸಬಹುದು. ಊರಿಂದ ಈಚೆಗಷ್ಟೇ ಬಂದಿದ್ದರೆ ಟೈಫಾಯ್ಡ್‌ಗೆ ಬ್ಲಡ್ ಕಲ್ಚರ್ ಕೇಳಿ, ಅದೂ ಆಂಟಿಬಯೋಟಿಕ್ ಶುರು ಮಾಡುವ ಮುಂಚೆ. ಖರ್ಚಿನ ಬಗ್ಗೆ ಒಂದು ಮಾತು: ಸಿಂಗಪುರದ ಕೆಲಸದ ಪರವಾನಗಿಗಳಲ್ಲಿ ಎಸ್ ಪಾಸ್‌ನವರಿಗೆ ಕಂಪನಿ ವೈದ್ಯಕೀಯ ವಿಮೆ ಮಾಡಿಸಲೇಬೇಕು, ಎಂಪ್ಲಾಯ್‌ಮೆಂಟ್ ಪಾಸ್‌ಗೆ ಆ ಕಡ್ಡಾಯ ಇಲ್ಲ. ಪಾಲಿಸಿ ಏನಿದೆ ಅಂತ ಇವತ್ತೇ ಎಚ್‌ಆರ್ ಹತ್ತಿರ ವಿಚಾರಿಸಿ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು, ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ಅದಕ್ಕೇ ಅವರನ್ನು ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಿ, ಡೀಟ್ (DEET) ಇರುವ ಸೊಳ್ಳೆ ಓಡಿಸುವ ರಿಪೆಲೆಂಟ್ ಹಚ್ಚಿ. ಇಲ್ಲದಿದ್ದರೆ ಅವರನ್ನು ಕಚ್ಚಿದ ಸೊಳ್ಳೆಯೇ ದಿನಗಳ ನಂತರ ನಿಮಗೆ, ಮಕ್ಕಳಿಗೆ ಅಂಟಿಸುತ್ತದೆ. ತುಳಸಿ ಕುಂಡದ ಕೆಳಗಿನ ತಟ್ಟೆ, ಬಕೆಟ್ಟಿನ ಅಂಚು ಉಜ್ಜಿ ತೊಳೆಯಿರಿ, ಏಕೆಂದರೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಅಡುಗೆಮನೆ ಕಿಟಕಿಯಾಚೆ ಬಟ್ಟೆ ಒಣಗಿಸುವ ಬಿದಿರು ಕೋಲು ಸಿಕ್ಕಿಸುವ ಕೊಳವೆಗಳಿದ್ದರೆ, ಕೋಲು ತೆಗೆದಾಗಲೆಲ್ಲ ಮುಚ್ಚಳ ಹಾಕಿ.