ಸಮಾವೇಶಕ್ಕೆ ಯಾವ ಊರು?

ಪ್ರಶ್ನೆ: ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಾನು ನಮ್ಮ ಫ್ರಟರ್ನಿಟಿಯ (ಕಾಲೇಜು ವಿದ್ಯಾರ್ಥಿಗಳ ಮತ್ತು ಹಳೆಯ ವಿದ್ಯಾರ್ಥಿಗಳ ಸಂಘ) ರಾಷ್ಟ್ರೀಯ ಸಮಾವೇಶಕ್ಕೆ ಸ್ಥಳ ಆರಿಸುವ ಸಮಿತಿಯಲ್ಲಿದ್ದೇನೆ. ಇನ್ನು ಮೂರು ವರ್ಷಕ್ಕೆ, ಜುಲೈ ಕೊನೆಯ ವಾರದಲ್ಲಿ, 500 ವಿದ್ಯಾರ್ಥಿಗಳೂ ಸೇರಿದಂತೆ ಸುಮಾರು 800 ಮಂದಿ ನಾಲ್ಕು ರಾತ್ರಿ ತಂಗಬೇಕಾಗುತ್ತದೆ. ನ್ಯೂ ಆರ್ಲಿಯನ್ಸ್, ಡಲ್ಲಾಸ್, ಇಂಡಿಯಾನಾಪೊಲಿಸ್ ಕೊನೆಯ ಸುತ್ತಿನಲ್ಲಿವೆ. ಹಿರಿಯ ಸದಸ್ಯರಿಗೆ ನ್ಯೂ ಆರ್ಲಿಯನ್ಸ್ ಮೇಲೆ ಒಲವು. ನಾನು ಯಾವುದಕ್ಕೆ ಮತ ಹಾಕಲಿ?

ಉತ್ತರ: ಊರಿನ ಹೆಸರನ್ನು ಸ್ವಲ್ಪ ಬದಿಗಿಟ್ಟು, ಮೊದಲು ನಿಮಗೆ ಎಷ್ಟು ಕೊಠಡಿಗಳು ಬೇಕೆಂಬುದನ್ನು ಲೆಕ್ಕ ಹಾಕಿ. ಕೊಠಡಿಗೆ ಇಬ್ಬರಂತೆ 400 ಕೊಠಡಿಗಳನ್ನು ಕಾಯ್ದಿರಿಸುವುದು ಸಮಿತಿಗಳ ರೂಢಿ. ಆದರೆ ವಿದ್ಯಾರ್ಥಿಗಳು ಖರ್ಚು ಉಳಿಸಲು ಕೊಠಡಿಗೆ ನಾಲ್ವರಂತೆ ಇರುತ್ತಾರಾದ್ದರಿಂದ ಅವರಿಗೆ 125 ಸಾಕು. ಹಿರಿಯರಲ್ಲಿ ಹಲವರು ಒಬ್ಬೊಬ್ಬರೇ ಉಳಿಯುತ್ತಾರೆಂದುಕೊಂಡರೂ ಅವರಿಗೆ 200 ಆದೀತು. ಕಾಯ್ದಿರಿಸಿದ ಕೊಠಡಿಗಳಲ್ಲಿ ಸಾಮಾನ್ಯವಾಗಿ ಶೇ 80ರಷ್ಟಾದರೂ ಭರ್ತಿಯಾಗಬೇಕು, ಇಲ್ಲವಾದರೆ ಕೊರತೆಯ ಬಾಡಿಗೆಯನ್ನು ಸಂಘಟಕರೇ ಕಟ್ಟಿಕೊಡಬೇಕು ಎಂಬ ಷರತ್ತನ್ನು ಹೋಟೆಲುಗಳು ಒಪ್ಪಂದದಲ್ಲಿ ಸೇರಿಸುತ್ತವೆ. ನಾಲ್ಕು ರಾತ್ರಿಗೆ 400 ಕೊಠಡಿಯೆಂದರೆ ಲೆಕ್ಕಕ್ಕೆ 1,600 ರಾತ್ರಿಗಳು, ಶೇ 80 ಎಂದರೆ 1,280. ನಿಮ್ಮ 325 ಕೊಠಡಿಗಳ ಪೈಕಿ 40ರಷ್ಟನ್ನು ಪಕ್ಕದ ಅಗ್ಗದ ಹೋಟೆಲು ಸೆಳೆದುಕೊಂಡರೆ ಸಾಕು, ಉಳಿದ 285 ಕೊಠಡಿಗಳಿಂದ 1,140 ರಾತ್ರಿಗಳಷ್ಟೇ ಭರ್ತಿಯಾಗಿ, ಕೊರತೆಯ 140 ರಾತ್ರಿಗಳ ಬಾಡಿಗೆ ನಿಮ್ಮ ಖಜಾನೆಯ ಪಾಲಾಗುತ್ತದೆ. ಆದ್ದರಿಂದ ಕಡಿಮೆ ಕೊಠಡಿ ಹಿಡಿಯಿರಿ. ಬೇಕಾದರೆ ಅದೇ ದರದಲ್ಲಿ ಹೆಚ್ಚಿಸಿಕೊಳ್ಳುವ ಅವಕಾಶವನ್ನು ಬರವಣಿಗೆಯಲ್ಲಿ ಕೇಳಿ.

ನ್ಯೂ ಆರ್ಲಿಯನ್ಸ್‌ನ ಹೋಟೆಲುಗಳು ಬೇಸಿಗೆಯಲ್ಲಿ ದರ ಇಳಿಸುವುದು ನಿಜ, ಆದರೆ ಅದಕ್ಕೆ ಕಾರಣವಿದೆ. ಸೆಕೆಯ ಜೊತೆಗೆ ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. ಕತ್ರಿನಾ ಮತ್ತು ಐಡಾ ಎರಡೂ ಆಗಸ್ಟ್ 29ರಂದೇ ಅಪ್ಪಳಿಸಿದವು, ಹಾಗಾಗಿ ಜುಲೈ ತುಸು ಸುರಕ್ಷಿತ ಎನ್ನಬಹುದು. ಅಷ್ಟಕ್ಕೇ ನಿಶ್ಚಿಂತರಾಗಿರಲು ಬರುವುದಿಲ್ಲ. ಡಲ್ಲಾಸ್‌ನಲ್ಲಿಯೂ ಬಿಸಿಲು ಸುಡುತ್ತದೆ, ಆದರೆ ಎರಡು ದೊಡ್ಡ ವಿಮಾನ ನಿಲ್ದಾಣಗಳಿರುವುದರಿಂದ ದೇಶದ ಯಾವ ಮೂಲೆಯಿಂದಲೂ ನೇರ ವಿಮಾನ ಸಿಗುವ ಸಂಭವ ಹೆಚ್ಚು. ಇಂಡಿಯಾನಾಪೊಲಿಸ್‌ಗೆ ನೇರ ವಿಮಾನಗಳು ಅಷ್ಟಿಲ್ಲ. ಆದರೂ ಅಲ್ಲಿನ ಸಮಾವೇಶ ಕೇಂದ್ರಕ್ಕೂ ಹಲವು ಹೋಟೆಲುಗಳಿಗೂ ಮೇಲ್ಸೇತುವೆಯ ನಡಿಗೆ ದಾರಿಯಿರುವುದರಿಂದ ಬಸ್ಸು ಬಾಡಿಗೆಯ ಖರ್ಚು ಪೂರ್ತಿ ಉಳಿಯುತ್ತದೆ. ಸುತ್ತಲಿನ ರಾಜ್ಯಗಳ ವಿದ್ಯಾರ್ಥಿಗಳು ಕಾರಿನಲ್ಲಿಯೇ ಬರಬಹುದು.

ನನ್ನ ಮತ ಇಂಡಿಯಾನಾಪೊಲಿಸ್‌ಗೆ, ಆದರೆ ಒಂದು ಷರತ್ತಿನ ಮೇಲೆ. ಜೆನ್ ಕಾನ್ ಎಂಬ ಬೃಹತ್ ಆಟಗಳ ಮೇಳ ಅಲ್ಲಿ ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ವಾರದಲ್ಲಿ ನಡೆಯುತ್ತದೆ, ಆಗ ನಗರ ಕೇಂದ್ರದ ಕೊಠಡಿಗಳ ದರ ಕೇಳುವಂತಿರುವುದಿಲ್ಲ. ನಿಮ್ಮ ದಿನಾಂಕ ಅದರೊಂದಿಗೆ ತಾಗಿದರೆ ಸಮಾವೇಶವನ್ನು ಎರಡು ವಾರ ಹಿಂದಕ್ಕೆ ತನ್ನಿ. ಅದಾಗದಿದ್ದರೆ ಡಲ್ಲಾಸ್ ಆರಿಸಿ.

ರದ್ದತಿಯ ಷರತ್ತನ್ನೂ ವಕೀಲರಿಗೆ ತೋರಿಸಬೇಕು. 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕಪ್ಪು ವರ್ಣೀಯರ ಫ್ರಟರ್ನಿಟಿ ಆಲ್ಫಾ ಫೈ ಆಲ್ಫಾ, ಫ್ಲಾರಿಡಾ ಸರ್ಕಾರದ ನೀತಿಗಳನ್ನು ವಿರೋಧಿಸಿ, 2025ರ ತನ್ನ ಸಮಾವೇಶವನ್ನು ಆ ರಾಜ್ಯದ ಒರ್ಲ್ಯಾಂಡೊದಿಂದ ಬೇರೆಡೆಗೆ ಒಯ್ಯುವುದಾಗಿ 2023ರ ಜುಲೈನಲ್ಲಿ ಪ್ರಕಟಿಸಿತು. ಎರಡು ವರ್ಷ ಮೊದಲೇ ನಿರ್ಧರಿಸಿದ್ದು ಜಾಣತನ, ಏಕೆಂದರೆ ದಿನ ಹತ್ತಿರವಾದಷ್ಟೂ ರದ್ದತಿಯ ದಂಡ ಏರುತ್ತದೆ. ಪ್ರಕೃತಿ ವಿಕೋಪಕ್ಕೆ ವಿನಾಯಿತಿ ಕೊಡುವ ಮಾಮೂಲು ಷರತ್ತು ಇಂಥ ತಾತ್ವಿಕ ವಿರೋಧಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ನಿಮ್ಮ ಸದಸ್ಯರಿಗೆ ಅದು ಮುಖ್ಯವೆನಿಸಿದರೆ, ಸಹಿಗೆ ಮುನ್ನವೇ ಅದಕ್ಕೊಂದು ಪ್ರತ್ಯೇಕ ಸಾಲನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.