ಮೂರನೇ ಮಹಡಿಗೆ ಎಂಥ ಎಲೆಕ್ಟ್ರಿಕ್ ಸೈಕಲ್?

ಪ್ರಶ್ನೆ: ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 24 ಕಿಲೋಮೀಟರ್. ದಾರಿಯಲ್ಲಿ ಒಂದು ಕಡಿದಾದ ಏರು ಇದೆ. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಎಂಥ ಎಲೆಕ್ಟ್ರಿಕ್ ಸೈಕಲ್ ಕೊಳ್ಳಲಿ?

ಉತ್ತರ: ನೀವು ಏರಿಗೆ ಹೆದರಿದ್ದೀರಿ, ನನಗೆ ಭಯ ಆ ಮೆಟ್ಟಿಲುಗಳದ್ದು! ಇಂಥ ಸೈಕಲ್‌ಗಳು ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತವೆ. ದಿನಾ ಹೊತ್ತು ಹತ್ತುವುದು ಆಗದ ಮಾತು. ಕೆಳಗೇ ಬೀಗ ಹಾಕಿ ನಿಲ್ಲಿಸಿ. ಬ್ಯಾಟರಿಯನ್ನು ಮಾತ್ರ ಬಿಚ್ಚಿ ಮೇಲೆ ಒಯ್ಯುವಂತಿರಲಿ.

ಬ್ಯಾಟರಿ ವಿಷಯದಲ್ಲಿ ಜಾಹೀರಾತಿನ ‘ಇಷ್ಟು ದೂರ ಓಡುತ್ತದೆ’ ಎಂಬುದನ್ನು ನಂಬಬೇಡಿ. ಸುಮ್ನೆ ಗುಣಿಸಿ ನೋಡಿ: ಬ್ಯಾಟರಿ ಮೇಲೆ 36 ವೋಲ್ಟ್, 10 ಆಂಪಿಯರ್-ಅವರ್ ಎಂದಿದ್ದರೆ ಅದರಲ್ಲಿ ತುಂಬುವ ವಿದ್ಯುತ್ 360 ವ್ಯಾಟ್-ಅವರ್. ಪೆಡಲ್ ತುಳಿಯುತ್ತಾ ಹೋದರೂ ಕಿಲೋಮೀಟರಿಗೆ 10ರಿಂದ 15 ವ್ಯಾಟ್-ಅವರ್ ಖರ್ಚಾಗಬಹುದು. ನಿಮ್ಮ 24 ಕಿಲೋಮೀಟರಿಗೆ 360 ತೀರಾ ಬಿಗಿಯಾಯಿತು, ಅಲ್ವಾ? ಹಳೆಯದಾದಂತೆ ಬ್ಯಾಟರಿ ಸೊರಗುತ್ತದೆ ಬೇರೆ. 500 ವ್ಯಾಟ್-ಅವರ್ ಹತ್ತಿರದ್ದು ನೋಡಿ.

ಮೋಟಾರ್ ಪೆಡಲಿನ ಬಳಿ ಇದ್ದರೆ ಗೇರ್‌ಗಳ ನೆರವಿನಿಂದ ಏರು ಸಲೀಸು. ಆದರೆ ಚೈನ್ ಬೇಗ ಸವೆಯುತ್ತದೆ, ಬೆಲೆಯೂ ಜಾಸ್ತಿ. ಚಕ್ರದೊಳಗಿನ ಮೋಟಾರ್ ಅಗ್ಗ, ರಗಳೆ ಕಡಿಮೆ. ಪಂಕ್ಚರ್ ಆದಾಗ ಮಾತ್ರ ಚಕ್ರ ಬಿಚ್ಚುವುದು ಪೇಚಾಟ. ಏರು ಒಂದೇ ಆದ್ದರಿಂದ ನಾನಾದರೆ ಎರಡನೆಯದನ್ನೇ ಕೊಳ್ಳುತ್ತಿದ್ದೆ, ಟಾರ್ಕ್ ಸೆನ್ಸರ್ ಇರುವಂಥದ್ದು. ನೀವು ಎಷ್ಟು ಬಲ ಹಾಕುತ್ತೀರೋ ಅದನ್ನು ಈ ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕಂತೆ ಮೋಟಾರ್ ನೆರವಾಗುತ್ತದೆ.

ಡಿಸ್ಕ್ ಬ್ರೇಕ್ ಇರಲಿ. ಕೊಳ್ಳುವ ಮುನ್ನ ಮೋಟಾರ್ ಆಫ್ ಮಾಡಿಯೂ ಒಂದು ಸುತ್ತು ಹೊಡೆಯಿರಿ.