ಉಪ್ಪು ಬಿದ್ದ ಮೇಲೆ ಚಿನ್ನದ ದ್ರಾವಣದ ಕೆಂಪು ಹೋಗಲೇಬೇಕು

ಸರ್, ದ್ರಾಕ್ಷಿ ಸಿಪ್ಪೆಯ ಮೇಲಿನ ಥೈರಮ್ ಎಂಬ ಶಿಲೀಂಧ್ರನಾಶಕವನ್ನು ಹುಡುಕಲು ಚಿನ್ನದ ನ್ಯಾನೋಕಣ ಮಾಡಿದ್ದೀರಿ. ದ್ರಾವಣ ಒಳ್ಳೆ ಕೆಂಪು ಬಂದಿದೆ, ಆದರೂ 785 ನ್ಯಾನೋಮೀಟರ್ ಲೇಸರ್‌ನ ರಾಮನ್ ಯಂತ್ರದಲ್ಲಿ (ಬೆಳಕು ಚದುರುವ ರೀತಿಯಿಂದ ಅಣುವನ್ನು ಗುರುತಿಸುವ ಯಂತ್ರ) ಪೀಕ್ ಬರುತ್ತಿಲ್ಲ ಎಂದಿದ್ದೀರಿ. ತೊಂದರೆ ಇರುವುದು ಆ ಕೆಂಪಿನಲ್ಲೇ. ಬಿಡಿಬಿಡಿಯಾಗಿರುವ 40 ನ್ಯಾನೋಮೀಟರ್ ಕಣಗಳು ಸ್ಪಂದಿಸುವುದು 530ರ ಆಸುಪಾಸಿನ ಹಸಿರು ಬೆಳಕಿಗೆ. ಕಣಗಳು ಗುಂಪುಗೂಡಿದರೆ ಆ ಸ್ಪಂದನ 700ರ ಕಡೆಗೆ, ಅಂದರೆ ನಿಮ್ಮ ಲೇಸರ್‌ನ ಹತ್ತಿರಕ್ಕೆ, ಸರಿಯುತ್ತದೆ, ನಡುವಿನ ಒಂದೆರಡು ನ್ಯಾನೋಮೀಟರ್ ಸಂದಿಯಲ್ಲಿ ಬೆಳಕು ವಿಪರೀತ ಬಲವಾಗುತ್ತದೆ. ಆ ಸಂದಿಯಲ್ಲಿ ಸಿಕ್ಕಿದ ಅಣುಗಳೇ ನಿಮಗೆ ಪೀಕ್ ಕೊಡುವುದು.

ಕಣ ಮಾಡುವ ಹಂತದಲ್ಲಿ ಬದಲಾವಣೆ ಬೇಡ: 100 ಮಿ.ಲೀ. 0.01% ಕ್ಲೋರೋ ಆರಿಕ್ ಆಮ್ಲ (ಚಿನ್ನವಿರುವ ಆಮ್ಲ) ಚೆನ್ನಾಗಿ ಕುದಿಯುವಾಗ 1% ಸೋಡಿಯಂ ಸಿಟ್ರೇಟ್ 1 ಮಿ.ಲೀ. ಒಮ್ಮೆಲೇ ಸುರಿಯಿರಿ. ಸಿಟ್ರೇಟ್ ಹೆಚ್ಚಿಸಿದರೆ ಕಣ ಸಣ್ಣದಾಗುತ್ತದೆ. ಆಮ್ಲದ ಪುಡಿ ತೆಗೆಯಲು ಸ್ಟೀಲ್ ಚಮಚ ಬೇಡವೇ ಬೇಡ. ಕೆಂಪಾದ ದ್ರಾವಣ ಉಪ್ಪು ಹಾಕುವ ಮೊದಲೇ ನೀಲಿಯಾದರೆ ಗಾಜು ಅಥವಾ ನೀರು ಶುದ್ಧವಿಲ್ಲ ಎಂದರ್ಥ, ಅದನ್ನು ಬಳಸಬೇಡಿ.

ಮುಖ್ಯವಾದದ್ದು ಬೆರೆಸುವ ಕ್ರಮ. 450 ಮೈಕ್ರೋಲೀಟರ್ ಚಿನ್ನಕ್ಕೆ ಮೊದಲು 50 ಮೈಕ್ರೋಲೀಟರ್ ಸ್ಯಾಂಪಲ್ ಹಾಕಿ ಐದು ನಿಮಿಷ ಬಿಡಿ. ಥೈರಮ್‌ನ ಗಂಧಕ ಚಿನ್ನಕ್ಕೆ ಕಚ್ಚಿಕೊಳ್ಳಲು ಸಮಯ ಬೇಕು. ಆಮೇಲೆ ಕಣಗಳನ್ನು ಗುಂಪುಗೂಡಿಸಲು 1 ಮೋಲಾರ್ ಅಡುಗೆ ಉಪ್ಪಿನ ದ್ರಾವಣ 10 ಮೈಕ್ರೋಲೀಟರ್. ಕೆಂಪು ಹಾಗೇ ಉಳಿದರೆ ಇನ್ನೈದೈದು ಸೇರಿಸುತ್ತಾ ಹೋಗಿ, ನೇರಳೆ ಬಣ್ಣ ಬಂದ ಕೂಡಲೇ ನಿಲ್ಲಿಸಿ. ಬೂದು ಬಣ್ಣಕ್ಕೆ ತಿರುಗಿ ತಳದಲ್ಲಿ ಕಪ್ಪು ಕೂತರೆ ಉಪ್ಪು ಜಾಸ್ತಿಯಾಯಿತು. ಗುಂಪುಗಳು ಬೆಳೆಯುತ್ತಲೇ ಇರುವುದರಿಂದ ಪ್ರತಿ ಸ್ಯಾಂಪಲನ್ನೂ ಉಪ್ಪು ಹಾಕಿದ ಮೇಲೆ ಒಂದೇ ನಿಗದಿತ ನಿಮಿಷಕ್ಕೆ ಓದಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಹಣ್ಣನ್ನು ಅರೆಯಬೇಡಿ. ರಸದ ಪ್ರೋಟೀನ್ ಕಣಗಳನ್ನು ಸುತ್ತಿಕೊಂಡು ಗುಂಪುಗೂಡಲು ಬಿಡುವುದಿಲ್ಲ. ಎಥನಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಸಿಪ್ಪೆ ಒರೆಸಿ, ಆ ಹತ್ತಿಯ ಎಥನಾಲನ್ನೇ ಸ್ಯಾಂಪಲ್ ಮಾಡಿಕೊಳ್ಳಿ. ಬರೀ ಎಥನಾಲ್ ಹಾಕಿದ ಖಾಲಿ ಸ್ಯಾಂಪಲ್ ಒಂದು, ತೂಕ ಗೊತ್ತಿರುವ ಥೈರಮ್ ಹಾಕಿದ 10, 1, 0.1 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಸ್ಯಾಂಪಲ್‌ಗಳು ಜೊತೆಗಿರಲಿ.

ಓದುವ ಮೊದಲು ಸಿಲಿಕಾನ್ ತುಂಡಿನ ಪೀಕ್ 520.5ಕ್ಕೆ ಸರಿಹೊಂದಿಸಿ (ಪೀಕ್‌ಗಳ ಈ ಅಂಕಿಗಳು ನ್ಯಾನೋಮೀಟರ್ ಅಲ್ಲ, ರಾಮನ್ ಏಕಮಾನ cm⁻¹). ಥೈರಮ್‌ನ ದೊಡ್ಡ ಪೀಕ್ 1380ರ ಸುತ್ತ ಬರುತ್ತದೆ. 1350 ಮತ್ತು 1580ರಲ್ಲಿ ಅಗಲವಾದ ದಿಬ್ಬ ಎದ್ದರೆ ಲೇಸರ್ ಸ್ಯಾಂಪಲನ್ನು ಸುಟ್ಟು ಇಂಗಾಲ ಮಾಡಿದೆ, ಶಕ್ತಿ ಇಳಿಸಿ. 785ರ ಬೆಳಕು ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಹಾನಿ ಮಾಡುತ್ತದೆ, ಆ ತರಂಗಕ್ಕೇ ಮಾಡಿದ ಕನ್ನಡಕ ಹಾಕಿಕೊಳ್ಳಿ.

ಇನ್ನೊಂದು: ಚಿನ್ನದ ಮೇಲೆ ಕೂತಾಗ ಥೈರಮ್ ಎರಡಾಗಿ ಒಡೆಯುತ್ತದೆ. ಅದೇ ಗುಂಪಿನ ಇನ್ನೊಂದು ಶಿಲೀಂಧ್ರನಾಶಕ ಜೈರಮ್ ಸಿಂಪಡಿಸಿದ್ದರೂ ಉಳಿಯುವುದು ಅದೇ ತುಂಡು, ಪೀಕ್ ಕೂಡ ಅದೇ. ಹಾಗಾಗಿ ಫಲಿತಾಂಶ ಬರೆಯುವಾಗ ‘ಥೈರಮ್ ಅಥವಾ ಅದೇ ಗುಂಪಿನ ಶಿಲೀಂಧ್ರನಾಶಕ’ ಎಂದೇ ಬರೆಯಿರಿ.